ಆಕ್ಸ್‌ಫರ್ಡ್‌ನಲ್ಲಿ ಸೆಕೆಂಡ್‌ಹ್ಯಾಂಡ್ ಕೋಟು: ಎಲ್ಲಿ ಹುಡುಕಲಿ?

ಪ್ರಶ್ನೆ:
ಮೈಸೂರಿನಿಂದ ಬಂದು ಮೂರು ವಾರ ಆಯಿತು. ತಂದ ಸ್ವೆಟರ್ ಇಲ್ಲಿನ ಗಾಳಿಗೆ ಏನೂ ಸಾಲದು. ಹೊಸ ಕೋಟಿನ ಬೆಲೆ ನೋಡಿ ತಲೆ ತಿರುಗಿತು. ಬೇರೆಯವರು ಹಾಕಿದ ಬಟ್ಟೆ ಅಂದರೆ ಅಮ್ಮ ಮುಖ ಸಿಂಡರಿಸುತ್ತಾರೆ, ಅದು ಬೇರೆ ಮಾತು. ಜನ ದಾನ ಕೊಟ್ಟ ಹಳೆಯ ಸಾಮಾನು ಮಾರುವ ಚಾರಿಟಿ ಶಾಪ್‌ಗಳಲ್ಲಿ ಒಳ್ಳೆಯದು ಸಿಗುತ್ತದಾ?

ಉತ್ತರ 1:
ಖಂಡಿತ. ಬ್ರಾಡ್ ಸ್ಟ್ರೀಟ್‌ನ ಆಕ್ಸ್‌ಫ್ಯಾಮ್ ಸುಮ್ನೆ ಒಮ್ಮೆ ನೋಡಿ, 1940ರ ದಶಕದ ಅಂಗಡಿ ಅದು. ಕೋಟಿಗೆ ಮಾತ್ರ ಸಮ್ಮರ್‌ಟೌನ್ ಅಥವಾ ಹೆಡಿಂಗ್ಟನ್ ಬಡಾವಣೆಗೆ ಹೋಗಿ. ಸಮ್ಮರ್‌ಟೌನ್‌ನಲ್ಲಿ ಉಳ್ಳವರ ಮನೆ ಜಾಸ್ತಿ, ಅವರು ಬಿಟ್ಟ ಉಣ್ಣೆಯೂ ಒಳ್ಳೆಯದೇ. 12 ಪೌಂಡಿಗೆ ಕೊಂಡ ನನ್ನ ಕೋಟಿಗೆ ಇದು ಐದನೇ ಚಳಿಗಾಲ.

ಉತ್ತರ 2:
ಕಂಕುಳು, ಕಾಲರ್, ಜೇಬಿನ ಒಳಬಟ್ಟೆ ನೋಡಿ. ಬೆಳಕಿಗೆ ಹಿಡಿದರೆ ಹುಳ ತಿಂದ ತೂತು ಕಾಣುತ್ತದೆ. ನಾನು ನೋಡದೆ ತಂದು, ರೇಷ್ಮೆ ಸೀರೆಗೂ ಹುಳ ಹತ್ತಿಸಿಕೊಂಡೆ. ಈಗ ಉಣ್ಣೆ ಏನೇ ಬಂದರೂ ಮೊದಲು ಎರಡು ವಾರ ಫ್ರೀಜರ್‌ನಲ್ಲಿ, ತೆಂಗಿನತುರಿ ಪಕ್ಕ.

ಪ್ರಶ್ನೆ ಕೇಳಿದವರು:
ಹೆಡಿಂಗ್ಟನ್‌ನಲ್ಲಿ 9 ಪೌಂಡಿಗೆ ನೀಲಿ ಕೋಟು ಸಿಕ್ಕಿತು! ಜೇಬಿನಲ್ಲಿ ಯಾರದೋ ಹಳೆಯ ಬಸ್ ಟಿಕೆಟ್. ವಿಡಿಯೋ ಕಾಲ್‌ನಲ್ಲಿ ನೋಡಿ ಅಮ್ಮ, “ಚೆನ್ನಾಗಿದೆ, ಎಷ್ಟು?” ಅಂದರು. ಡಿಸ್ಕೌಂಟ್‌ನಲ್ಲಿ ಸಿಕ್ಕಿತು ಅಂದೆ. ಸುಳ್ಳಲ್ಲ, ಅಲ್ವಾ?