ವಿಜಯಪುರದಿಂದ ಒಂದ ದಿನದಾಗ ಐಹೊಳೆ, ಪಟ್ಟದಕಲ್ಲು, ಬಾದಾಮಿ: ಬಾಡಿಗಿ ಗಾಡಿ, ಸಂಗಡ ಗೈಡ್, ಹ್ಯಾಂಗ ಮಾಡೋದು?

ಗುಮ್ಮಟದ_ನೆರಳು:

ಎಲ್ಲಾರಿಗೂ ನಮಸ್ಕಾರ್ರಿ. ಜೈಸಲ್ಮೇರ್ ಕಡೆ ಹೋದವ್ರು ಒಂದು ಗಾಡಿ, ಒಬ್ಬ ಗೈಡ್ ಗೊತ್ತು ಮಾಡಿಕೊಂಡು ಮುಂಜಾನಿಂದ ಸಂಜಿತನಕ ಮರಳುಗಾಡಿನ ಕೋಟಿ, ಹವೇಲಿ ನೋಡಿ ಬರ್ತಾರ. ನಮ್ಮ ಬಿಸಿಲ ನಾಡಿನ್ಯಾಗೂ ಹಂಗ ಒಂದು ದಿನದ ಟ್ರಿಪ್ ಆಗ್ತದೇನು ಅಂತ ಕೇಳೋದದ. ಡಿಸೆಂಬರ್ ಎರಡನೇ ವಾರ. ದೊಡ್ಡವ್ರು ನಾಲ್ಕು ಮಂದಿ, ಹುಡುಗ್ರು ಇಬ್ಬರು (9 ಮತ್ತ 12 ವರ್ಷ). ದೊಡ್ಡವ್ರೊಳಗ ಒಬ್ಬರಿಗೆ 68, ಮೊಣಕಾಲು ನೋವದ. ವಿಜಯಪುರದಿಂದ ಹೊಂಟು ರಾತ್ರಿ ಮನಿಗೆ ಬರಬೇಕು.

ಒಬ್ಬ ಗಾಡಿಯವ್ರು ಕೂಡಲಸಂಗಮ, ಐಹೊಳೆ, ಪಟ್ಟದಕಲ್ಲು, ಮಹಾಕೂಟ, ಬಾದಾಮಿ, ಬನಶಂಕರಿ ಎಲ್ಲಾ ಒಂದ ದಿನದಾಗ ಅಂತಾರ. ಆಗ್ತದೇನ್ರಿ? ಗೈಡ್ ಮೊದಲ ಹಿಡೀಬೇಕೋ, ಅಲ್ಲೇ ಗೇಟಿನ್ಯಾಗ ಸಿಗ್ತಾರೋ? ಎರ್ಟಿಗಾ ಸಾಕಾ?

ಮಲಪ್ರಭಾ_ದಂಡಿ:

ಒಂದ ದಿನದಾಗ ಆಗ್ತೈತ್ರಿ, ಆದ್ರ ಆರಲ್ಲ, ಮೂರ. ಆರು ಊರಿನ ಪಟ್ಟಿ ಕೊಟ್ಟವ್ರು ನಿಮಗ ಆರು ಪಾರ್ಕಿಂಗ್ ತೋರಿಸಿ ಕರಕೊಂಡು ಬರ್ತಾರ, ಅಷ್ಟ.

ಮೊದಲ ದಾರಿ ಸರಿ ಮಾಡ್ಕೋರಿ. ಭಾಳ ಮಂದಿ ಸೀದಾ ಬಾದಾಮಿಗೆ ಹೋಗಿ, ಅಲ್ಲಿಂದ ಪಟ್ಟದಕಲ್ಲು, ಐಹೊಳಿ ಮುಗಿಸಿ, ಅದ ದಾರಿ ಹಿಡಿದು ಹೊಳ್ಳಿ ಬರ್ತಾರ. ವಿಜಯಪುರದವ್ರು ಹಂಗ ಮಾಡೂದು ಬ್ಯಾಡ, ಸುತ್ತು ಹಾಕ್ರಿ. ಹೋಗುವಾಗ ಚಿತ್ರದುರ್ಗದ ಹೈವೇ, ಅಂದ್ರ ನಿಡಗುಂದಿ ಮ್ಯಾಲ ಹುನಗುಂದ, ಅಲ್ಲಿಂದ ಅಮೀನಗಡ, ಐಹೊಳಿ. ಸುಮಾರು 130 ಕಿ.ಮೀ., ಎರಡೂವರಿ ತಾಸು. ಐಹೊಳಿಯಿಂದ ಪಟ್ಟದಕಲ್ಲು 14, ಅಲ್ಲಿಂದ ಬಾದಾಮಿ 22. ಬರುವಾಗ ಕೆರೂರು, ಗದ್ದನಕೇರಿ ಕ್ರಾಸ್, ಕೊಲ್ಹಾರ ಮ್ಯಾಲ ವಿಜಯಪುರ, ಸುಮಾರು 125. ಒಟ್ಟು 290-300.

ಐಹೊಳಿ ಮೊದಲ ಯಾಕಂದ್ರ ಬೆಳಕು. ಅಲ್ಲಿ ದುರ್ಗದ ಗುಡಿ ಮೂಡಣಕ್ಕ ಮುಖ ಮಾಡೈತಿ, ಮುಂಜಾನಿ ಬಿಸಿಲು ಮುಂದಿನ ಕಂಬದ ಮ್ಯಾಲ ಬೀಳ್ತೈತಿ. ಬಾದಾಮ್ಯಾಗ ಅಗಸ್ತ್ಯ ತೀರ್ಥ ಅನ್ನೂ ಕೆರಿಯ ಆ ಕಡೆ ತುದಿಗಿರೋ ಭೂತನಾಥ ಗುಡಿ ಪಡುವಣಕ್ಕ ಮುಖ, ಸಂಜಿ ಬಿಸಿಲಿಗೆ ಗುಡಿ, ಗುಡ್ಡ, ನೀರು ಮೂರೂ ಕೆಂಪಗಾಗ್ತಾವ. ದಿನಾನ ಉಲ್ಟಾ ಮಾಡಿದ್ರ ಎರಡೂ ನೆರಳಾಗ ನೋಡಬೇಕಾಗ್ತೈತಿ.

ಹೊತ್ತು ಹಿಂಗ ಇಟ್ಕೋರಿ: ಐದೂವರಿಗೆ ಮನಿ ಬಿಡೂದು, ಎಂಟಕ್ಕ ಐಹೊಳಿ. ಅಲ್ಲಿ ಎರಡೂವರಿ ತಾಸು. ಹನ್ನೊಂದಕ್ಕ ಪಟ್ಟದಕಲ್ಲು, ಎರಡು ತಾಸು. ಒಂದಕ್ಕ ಬಿಟ್ರ ಒಂದೂವರಿ-ಎರಡರೊಳಗ ಬಾದಾಮ್ಯಾಗ ಊಟ. ಮೂರಕ್ಕ ಮ್ಯೂಸಿಯಂ, ಮೂರೂಮುಕ್ಕಾಲಿಗೆ ಗುಹೆ, ಐದೂಕಾಲಿಗೆ ಭೂತನಾಥ. ಡಿಸೆಂಬರ್‌ನ್ಯಾಗ ಆರರ ಸುಮಾರಿಗೆ ಹೊತ್ತು ಮುಳುಗತೈತಿ. ಆರೂಕಾಲಿಗೆ ಗಾಡಿ ಹತ್ತಿದ್ರ ಒಂಬತ್ತಕ್ಕ ಮನಿ.

ಈ ಲೆಕ್ಕ ಎಲ್ಲಿ ತಪ್ಪತೈತಿ ಅಂದ್ರ ನಾಷ್ಟಾದಾಗ. ಹೈವೇ ಹೋಟೆಲಿನ್ಯಾಗ ಆರು ಮಂದಿ ಕುಂತ್ರ ಮುಕ್ಕಾಲು ತಾಸು ಹೋತು. ಐಹೊಳ್ಯಾಗ ತಿನ್ನಾಕ ಹೆಚ್ಚೇನೂ ಸಿಗೂದಿಲ್ಲ, ಅದಕ್ಕ ಮನಿಯಿಂದನ ಚಪಾತಿ-ಪಲ್ಯ ಕಟಗೊಂಡು ಬರ್ರಿ.

ಶುಕ್ರವಾರ ಬ್ಯಾಡ. ಬಾದಾಮಿ, ಐಹೊಳಿ ಎರಡೂ ಕಡೆ ಮ್ಯೂಸಿಯಂ ಶುಕ್ರವಾರ ಬಂದ್. ಗುಡಿ, ಗುಹೆ ತೆರೆದಿರ್ತಾವ.

ಹಳದಿ_ಬೋರ್ಡ್:

ಗಾಡಿ ವಿಷಯ ನಾನು ಹೇಳ್ತೀನ್ರಿ.

ಎರ್ಟಿಗಾ ಸಾಲಂಗಿಲ್ಲ. ನೀವು ಆರು, ಡ್ರೈವರ್ ಒಬ್ಬ, ಏಳು ಸೀಟು ಮುಗೀತು. ಗೈಡ್ ಎಲ್ಲಿ ಕೂಡಬೇಕು? ಮೂರು ಊರಿಗೆ ಒಬ್ಬನ ಗೈಡ್ ಅಂದ್ರ ಗಾಡ್ಯಾಗ ಅವನಿಗೂ ಒಂದು ಸೀಟು ಬೇಕು. ಇದು ಬುಕ್ ಮಾಡೋವಾಗ ಯಾರಿಗೂ ನೆನಪಾಗಂಗಿಲ್ಲ, ಐಹೊಳೆ ಪಾರ್ಕಿಂಗ್‌ನ್ಯಾಗ ನೆನಪಾಗ್ತದ. ಇನ್ನೋವಾ ಕೇಳ್ರಿ, ಅದರಾಗೂ 6+1 ಮತ್ತ 7+1 ಎರಡು ನಮೂನಿ ಅದಾವ. "7+1" ಅಂತ ಬಾಯಿಬಿಟ್ಟು ಹೇಳಿ, ಆರ್‌ಸಿ ಫೋಟೋ ತರಿಸಿಕೊಂಡು ಸೀಟಿನ ಸಂಖ್ಯೆ ನೋಡ್ರಿ.

ಹಳದಿ ನಂಬರ್ ಪ್ಲೇಟ್ ಇರಬೇಕು. ಬಿಳಿ ಬೋರ್ಡಿನ ಸ್ವಂತ ಗಾಡಿ ಸಾವಿರ ರೂಪಾಯಿ ಕಡಿಮಿಗೆ ಸಿಗ್ತಾವ, ಆದ್ರ ಬಾಡಿಗಿಗೆ ಓಡಿಸಿದಾಗ ಅಪಘಾತ ಆದ್ರ ವಿಮಾ ಕಂಪನಿ ಅದನ್ನ ಹಿಡಿದ ತಕರಾರು ತಗೀತದ.

ರೇಟು ಕೇಳೋವಾಗ ಬರೇ "ದಿನಕ್ಕ ಎಷ್ಟು" ಅಂತ ಕೇಳಬ್ಯಾಡ್ರಿ. ಐದು ಮಾತು ವಾಟ್ಸಾಪ್‌ನ್ಯಾಗ ಬರಸ್ಕೋರಿ: ಕಿ.ಮೀ.ಗೆ ಎಷ್ಟು, ದಿನದ ಮಿನಿಮಮ್ ಎಷ್ಟು ಕಿ.ಮೀ. (ಸಾಮಾನ್ಯ 250 ಇಲ್ಲಾ 300), ಡ್ರೈವರ್ ಬಾಟಾ (ಅವನ ದಿನದ ಭತ್ಯೆ) ಎಷ್ಟು, ಟೋಲ್ ಮತ್ತ ಪಾರ್ಕಿಂಗ್ ಯಾರದು, ಕಿ.ಮೀ. ಲೆಕ್ಕ ನಿಮ್ಮ ಮನಿಯಿಂದನೋ ಅವರ ಶೆಡ್‌ನಿಂದನೋ. ಕಿ.ಮೀ.ಗೆ 18 ಅಂತ ಮಾತಾದ್ರ 300ಕ್ಕ 5,400. ಅದರ ಮ್ಯಾಲ ಬಾಟಾ, ಟೋಲ್. ಕೂಡಲಸಂಗಮ, ಮಹಾಕೂಟ ಸೇರಿಸಿದ್ರ 300 ದಾಟ್ತದ, ಹೆಚ್ಚಿನ ಕಿ.ಮೀ. ರೇಟು ಶುರು. ಆರು ಊರಿನ ಪಟ್ಟಿ ಯಾಕ ಕೊಡ್ತಾರ ಅಂತ ಈಗ ತಿಳೀತಲ್ಲ? ಹೊಂಟಾಗ ಮೀಟರಿನ ಫೋಟೋ ತಗೊಂಡಿರ್ರಿ.

ಕೊಲ್ಹಾರದ ಕೃಷ್ಣಾ ಸೇತುವಿ ಭಾಳ ಉದ್ದ, ಕತ್ತಲಾದ ಮ್ಯಾಲ ಎದುರಿನ ಲಾರಿ ಲೈಟು ಕಣ್ಣಿಗೆ ಹೊಡಿತದ. ಕಬ್ಬಿನ ಹಂಗಾಮು ಅದ, ಹಿಂದ ಲೈಟ್ ಇಲ್ಲದ ಟ್ರ್ಯಾಕ್ಟರ್ ಎರಡೆರಡು ಟ್ರೇಲರ್ ಕಟಗೊಂಡು ಹೊಂಟಿರ್ತಾವ. ಡ್ರೈವರ್‌ಗೆ ಬಾದಾಮ್ಯಾಗ ಒಂದು ತಾಸು ಮಲಗಾಕ ಬಿಡ್ರಿ. ಐದೂವರಿಗೆ ಹೊಂಟ ಮನಿಶ್ಯಾ ಅವನೂ ನಾಲ್ಕಕ್ಕ ಎದ್ದಿರ್ತಾನ.

ಕಲ್ಮನೆ:

ಗಾಡಿ ಗೊತ್ತು ಮಾಡುವ ಮೊದಲು ಗೈಡ್ ಗೊತ್ತು ಮಾಡಿ. ಕಾರಣ ಸರಳ. ಮೂರೂ ಊರು ತಿಳಿದ ಗೈಡುಗಳು ಹೆಚ್ಚಾಗಿ ಬಾದಾಮಿಯಲ್ಲಿರುತ್ತಾರೆ, ನಿಮ್ಮ ದಿನ ಶುರುವಾಗುವುದು ಐಹೊಳೆಯಲ್ಲಿ. ಅವರು ಬೆಳಿಗ್ಗೆ ಎಂಟಕ್ಕೆ ಅಲ್ಲಿಗೆ ಹೇಗೆ ಬರುತ್ತಾರೆ, ಬಸ್ಸಿಗೋ ಬೈಕಿಗೋ, ಆ ಖರ್ಚು ಯಾರದು ಎಂದು ಹಿಂದಿನ ವಾರವೇ ಮಾತಾಡಬೇಕು. ಸಂಜೆ ನಿಮ್ಮ ದಿನ ಬಾದಾಮಿಯಲ್ಲೇ ಮುಗಿಯುವುದರಿಂದ ಅವರಿಗೆ ಮನೆ ಹತ್ತಿರ. ಬೈಕಿನಲ್ಲಿ ಬಂದರೆ ಮಾತ್ರ ಬೈಕು ಐಹೊಳೆಯಲ್ಲಿ ಉಳಿಯುತ್ತದೆ. ಮೂರೂ ಕಡೆ ಸೇರಿ ಒಟ್ಟು ಮೊತ್ತ ಮಾತಾಡಿ. ಊರಿಗೊಬ್ಬರಂತೆ ಗೇಟಿನಲ್ಲಿ ಹಿಡಿದರೆ ಪುಲಿಕೇಶಿಯ ಕಥೆಯನ್ನು ಮೂರು ಸಲ ಕೇಳುತ್ತೀರಿ. ಪ್ರವಾಸೋದ್ಯಮ ಇಲಾಖೆಯ ಗುರುತಿನ ಚೀಟಿ ತೋರಿಸಲು ಕೇಳುವುದರಲ್ಲಿ ಸಂಕೋಚ ಬೇಡ. ಒಳ್ಳೆಯ ಗೈಡ್ ಕೇಳುವ ಮೊದಲೇ ಕೊರಳಿಗೆ ಹಾಕಿಕೊಂಡಿರುತ್ತಾರೆ.

ಫೋನಿನಲ್ಲೇ ಪರೀಕ್ಷೆ ಮಾಡಬಹುದು. "ಐಹೊಳೆಯಲ್ಲಿ ಮೇಗುತಿ ಹತ್ತಿಸುತ್ತೀರಾ?" ಎಂದು ಕೇಳಿ. "ಅಲ್ಲೇನೂ ಇಲ್ಲ ಸರ್" ಎಂದರೆ ಬೇರೆಯವರನ್ನು ನೋಡಿ. ಬಹಳ ಗುಂಪುಗಳು ದುರ್ಗದ ಗುಡಿಯ ಆವರಣ ಸುತ್ತಿ ಹೊರಟುಬಿಡುತ್ತವೆ. ಮೇಗುತಿ ಗುಡ್ಡದ ಮೇಲಿನ ಜಿನಾಲಯ 634ರದು. ಅದರ ಪೂರ್ವದ ಗೋಡೆಯಲ್ಲೇ ರವಿಕೀರ್ತಿ ಬರೆದ ಶಾಸನವಿದೆ, ಇಮ್ಮಡಿ ಪುಲಿಕೇಶಿ ಹರ್ಷನನ್ನು ಸೋಲಿಸಿದ ಸಂಗತಿ ಅದರಲ್ಲೇ ಇರುವುದು. ಕಾಳಿದಾಸ, ಭಾರವಿಯರ ಹೆಸರೂ ಅಲ್ಲಿದೆ. ಮಕ್ಕಳು ಪಾಠದಲ್ಲಿ ಓದಿದ್ದು ಕಲ್ಲಿನ ಮೇಲೆ ಸಿಗುವ ಜಾಗ. ಇನ್ನೊಂದು, ಲಾಡ್‌ಖಾನ್ ಗುಡಿಯ ಚಾವಣಿ ನೋಡಿ. ಹಾಸುಗಲ್ಲುಗಳ ಸಂದಿನ ಮೇಲೆ ಮರದ ತೊಲೆಯಂತೆ ಉದ್ದುದ್ದ ಕಲ್ಲಿನ ಪಟ್ಟಿ ಮಲಗಿಸಿದ್ದಾರೆ, ಮಳೆನೀರು ಇಳಿಯದಿರಲಿ ಎಂದು. ಮರದ ಮನೆ ಕಟ್ಟುತ್ತಿದ್ದ ಕೈ ಕಲ್ಲಿಗೆ ಬಂದದ್ದು ಹೀಗೆ ಕಾಣುತ್ತದೆ.

ಪಟ್ಟದಕಲ್ಲಿನಲ್ಲಿ ಎಲ್ಲ ಗುಡಿಗೂ ಸಮ ಹೊತ್ತು ಕೊಡಬೇಡಿ. ಎರಡು ತಾಸಿನಲ್ಲಿ ಒಂದು ತಾಸು ವಿರೂಪಾಕ್ಷನಿಗೇ ಇಡಿ. ಇಮ್ಮಡಿ ವಿಕ್ರಮಾದಿತ್ಯ ಕಂಚಿ ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ್ದು. ಕಟ್ಟಿದ ಗುಂಡ ಅನಿವಾರಿತಾಚಾರಿಗೆ 'ತ್ರಿಭುವನಾಚಾರಿ' ಎಂಬ ಬಿರುದು ಕೊಟ್ಟದ್ದನ್ನು ಅಲ್ಲಿಯೇ ಕೆತ್ತಿದ್ದಾರೆ. ರಾಜನ ಹೆಸರಿನ ಜೊತೆ ಶಿಲ್ಪಿಯ ಹೆಸರೂ ಉಳಿದಿರುವುದು ಎಲ್ಲ ಕಡೆ ಸಿಗುವುದಿಲ್ಲ. ಪೂಜೆ ನಡೆಯುವ ಗುಡಿ, ಚಪ್ಪಲಿ ಹೊರಗೆ. ಮಧ್ಯಾಹ್ನ ಕಲ್ಲು ಕಾಯುತ್ತದೆ, ಹಳೆಯ ಕಾಲುಚೀಲ ಇರಲಿ. ಒಳಗೆ ಕತ್ತಲೆ, ಟಾರ್ಚ್ ಬೇಕು. ಟಾರ್ಚನ್ನು ಎದುರಿಗೆ ಹಿಡಿದರೆ ಅಕ್ಷರವೂ ಕಾಣದು, ಕೆತ್ತನೆಯೂ ಕಾಣದು. ಕಂಬಕ್ಕೆ ಹತ್ತಿರ, ಪಕ್ಕದಿಂದ ಓರೆಯಾಗಿ ಹಿಡಿಯಿರಿ. ನೆರಳು ಬಿದ್ದು ಒಂದೊಂದೇ ಗೆರೆ ಏಳುತ್ತದೆ.

ಬಾದಾಮಿಯ ಮೂರನೇ ಗುಹೆಯಲ್ಲಿ ಇಮ್ಮಡಿ ಪುಲಿಕೇಶಿಯ ಚಿಕ್ಕಪ್ಪ ಮಂಗಲೇಶನ 578ರ ಶಾಸನವಿದೆ. ಅಲ್ಲಿ ಹೊರಗೆ ಅವನದೇ ಪುಟ್ಟ ಕನ್ನಡ ಶಾಸನವೂ ಇದೆ, ಲಂಜಿಗೇಸರವೆಂಬ ಊರನ್ನು ದತ್ತಿ ಕೊಟ್ಟದ್ದು. ಗುಹೆಯನ್ನು ಅದು ಕರೆಯುವುದು 'ಕಲ್ಮನೆ' ಎಂದು. ಗೈಡ್ ತಾವಾಗಿ ತೋರಿಸದಿದ್ದರೆ ಕೇಳಿ ನೋಡಿ. ಮೊದಲ ಗುಹೆಯಲ್ಲಿ ಹದಿನೆಂಟು ಕೈಯ ನಟರಾಜನನ್ನು ಎಲ್ಲರೂ ತೋರಿಸುತ್ತಾರೆ. ಮಕ್ಕಳಿಗೆ ಅದಕ್ಕಿಂತ ಇಷ್ಟವಾಗುವುದು ದ್ವಾರಪಾಲಕನ ಕೆಳಗಿನ ಕೆತ್ತನೆ: ಒಂದು ಕಡೆ ಕೈ ಮುಚ್ಚಿದರೆ ಆನೆ, ಇನ್ನೊಂದು ಕಡೆ ಮುಚ್ಚಿದರೆ ಬಸವ.

ಮಹಾಕೂಟ ಬಿಟ್ಟರೆ ನಿಮಗೆ ಅಷ್ಟು ನಷ್ಟವಿಲ್ಲ. ಅಲ್ಲಿನ ಮಂಗಲೇಶನ ಶಾಸನಸ್ತಂಭ ಇರುವುದು ನಿಮ್ಮೂರಿನ ಗೋಳಗುಮ್ಮಟದ ಮ್ಯೂಸಿಯಂನಲ್ಲಿ. ಹೋಗುವ ಮೊದಲು ಒಂದು ಸಂಜೆ ಅದನ್ನು ನೋಡಿ ಬನ್ನಿ. (ಅದಕ್ಕೂ ಶುಕ್ರವಾರ ರಜೆ.)

ಬನಶಂಕರಿ_ರೊಟ್ಟಿ:

ದಂಡಿಯವರ ಮಾತಿಗೆ ಒಂದು ತಕರಾರು ಐತ್ರಿ. ಮೊಣಕಾಲು ನೋವಿದ್ದವ್ರನ್ನ ದಿನದ ಕಡೀಗೆ ಗುಹೆ ಹತ್ತಸೂದಾ? ಒಂದನೇ ಗುಹೆಯಿಂದ ಎರಡನೇದಕ್ಕ, ಎರಡರಿಂದ ಮೂರಕ್ಕ ಅರವತ್ತರ ಆಸುಪಾಸು ಮೆಟ್ಟಲ ಅದಾವ, ಎತ್ತರದ ಮೆಟ್ಟಲ. ಅದಕ್ಕಿಂತ ಮೊದಲ ಮೇಗುತಿ ಗುಡ್ಡ ಹತ್ತಿಸಿದ್ರ ಸಂಜಿ ಅವರಿಗೆ ಹೆಜ್ಜಿ ಇಡಾಕ ಆಗೂದಿಲ್ಲ. ವಯಸ್ಸಾದವ್ರಿದ್ರ ಬಾದಾಮಿ ಮುಂಜಾನೆ ತಂಪಿನ್ಯಾಗ ಮುಗಿಸಿಬಿಡೂದು ಚೊಲೊ. ಬೆಳಕು ಫೋಟೋಕ್ಕ, ಕಾಲು ಮನಿಶ್ಯಾಗ.

ಇನ್ನ ಮಂಗ್ಯಾ. ಗುಹೆ ಮೆಟ್ಟಲ ಮ್ಯಾಲ ಕೈಯಾಗ ನೀರಿನ ಬಾಟಲಿ, ಪ್ಲಾಸ್ಟಿಕ್ ಚೀಲ ಕಂಡ್ರ ಕಸೀತಾವ. ಹುಡುಗ್ರ ಕೈಯಾಗ ಏನೂ ಕೊಡಬ್ಯಾಡ್ರಿ, ಎಲ್ಲಾ ಜಿಪ್ ಇರೋ ಬ್ಯಾಗಿನ್ಯಾಗ. ಕಸದರ ಜಗ್ಗಾಡಬ್ಯಾಡ್ರಿ, ಬಿಟ್ಟುಬಿಡ್ರಿ.

ಟಿಕೀಟು: ಐಹೊಳಿ 25, ಪಟ್ಟದಕಲ್ಲು 40, ಬಾದಾಮಿ ಗುಹೆ 25. 15 ವರ್ಷದೊಳಗಿನವ್ರಿಗೆ ಇಲ್ಲ. ನಾಲ್ಕು ಮಂದಿಗೆ 360. ಆನ್‌ಲೈನ್ ತಗೊಂಡ್ರ ಪ್ರತಿ ಟಿಕೀಟಿಗೆ 5 ಕಡಿಮಿ. ಮನ್ಯಾಗ ತಗೊಂಡು ಸ್ಕ್ರೀನ್‌ಶಾಟ್ ಇಟ್ಕೋರಿ, ಗೇಟಿನ ಮುಂದ ನಿಂತು ನೆಟ್‌ವರ್ಕ್ ಹುಡುಕೂದು ಬ್ಯಾಡ. ಟ್ರೈಪಾಡ್‌ಗೆ ಮೊದಲ ಅನುಮತಿ ಬೇಕು.

ಗುಮ್ಮಟದ_ನೆರಳು:

ಎಲ್ಲಾರಿಗೂ ಭಾಳ ಉಪಕಾರ ಆತ್ರಿ. 7+1 ಮಾತು ತಲ್ಯಾಗ ಇರಲೇ ಇಲ್ಲ. ಈಗ ಒಂದ ಉಳೀತು. ಐಹೊಳೆ ಮೊದಲೋ, ಬಾದಾಮಿ ಮೊದಲೋ? ಮತ್ತ ಜನವರಿಗೆ ಮುಂದ ಹಾಕಿದ್ರ ನಡೀತದೇನು?

ಮಲಪ್ರಭಾ_ದಂಡಿ:

ರೊಟ್ಟಿಯವ್ರು ಹೇಳಿದ್ದು ಖರೇ ಐತಿ, ಆದ್ರ ಬಾದಾಮಿ ಮೊದಲ ಮಾಡಿದ್ರ ಕಡೀಗೆ ಐಹೊಳಿಗೆ ನಾಲ್ಕರ ಮ್ಯಾಲ ಮುಟ್ಟತೀರಿ, ಮೇಗುತಿ ಹೋತಂತ ತಿಳೀರಿ. ನಡುವ ಒಂದು ದಾರಿ ಐತಿ. ಐಹೊಳಿಯಿಂದನ ಶುರು ಮಾಡ್ರಿ, ಮೇಗುತಿಗೆ ಹಿರಿಯರನ್ನ ಹತ್ತಿಸಬ್ಯಾಡ್ರಿ. ನೀವು ಹತ್ತಿ ಇಳಿಯೂತನಕ, ಮುಕ್ಕಾಲು ತಾಸು, ಅವರು ದುರ್ಗದ ಗುಡಿ ಬಾಜೂಕಿನ ಮ್ಯೂಸಿಯಂ ನೋಡ್ಲಿ. ಅದು ನೆಲದ ಮ್ಯಾಲ ಐತಿ. ಬಾದಾಮ್ಯಾಗ ಒಂದನೇ ಗುಹೆತನಕ ಹತ್ತಿಸಿ ನಟರಾಜನ್ನ ತೋರಿಸ್ರಿ, ಆಮ್ಯಾಲ ಕೆಳಗ ಇಳಿಸಿ ಆಟೋದಾಗ ಭೂತನಾಥಕ್ಕ ಕಳಸ್ರಿ. ಇನ್ನೋವಾ ಆ ಓಣ್ಯಾಗ ಸಿಕ್ಕೊಂಡ್ರ ಹಿಂದಕ್ಕ ತಗಿಯೂದು ಕಷ್ಟ, ಗಾಡಿ ಪಾರ್ಕಿಂಗಿನ್ಯಾಗ ಇರ್ಲಿ. ಕೆರಿ ದಂಡಿಗೆ ಅವರು ಕುಂತಿರ್ಲಿ, ನೀವು ನಾಲ್ಕೂ ಗುಹೆ ಮುಗಿಸಿ ಹೋಗಿ ಕೂಡ್ಕೋರಿ.

ಜನವರ್ಯಾಗ ಆದ್ರ ಬನದ ಹುಣ್ಣಿಮಿ ಯಾವಾಗ ಅಂತ ಮೊದಲ ಕ್ಯಾಲೆಂಡರ್ ನೋಡ್ರಿ. ಬನಶಂಕರಿ ಜಾತ್ರಿ ಶುರುವಾದ್ರ ಬಾದಾಮಿಯಿಂದ ಚೊಳಚಗುಡ್ಡತನಕ ಚಕ್ಕಡಿ, ಟ್ರ್ಯಾಕ್ಟರ್, ಬಸ್ಸು ತುಂಬಿರ್ತಾವ, ನಿಮ್ಮ ಲೆಕ್ಕದಾಗ ಒಂದೂವರಿ ತಾಸು ಹೋತು. ಮಳಿಗಾಲಕ್ಕ ಹಾಕಿದ್ರ ಮತ್ತೊಂದು ತೊಂದರಿ. ನವಿಲುತೀರ್ಥದ ಡ್ಯಾಮಿನಿಂದ ನೀರು ಬಿಟ್ರ ಮಲಪ್ರಭಾ ಏರತೈತಿ. 2019ರ ಆಗಸ್ಟ್‌ನ್ಯಾಗ ಪಟ್ಟದಕಲ್ಲಿನ ಗುಡಿ ಅಂಗಳಕ್ಕ ನೀರು ಬಂದಿತ್ತು. ಏಪ್ರಿಲ್-ಮೇ ಅಂತೂ ಮಾತ ಬ್ಯಾಡ. ನಿಮ್ಮ ಡಿಸೆಂಬರ್ ಎರಡನೇ ವಾರನ ಸರಿ ಐತಿ, ಬುಧವಾರ ಇಲ್ಲಾ ಗುರುವಾರ ಹಿಡೀರಿ. ಶಾಲಿ ಪ್ರವಾಸದ ಬಸ್ಸು ಬರೂ ಹಂಗಾಮು ಅದ, ಹತ್ತೂವರಿ ಮ್ಯಾಲ ದುರ್ಗದ ಗುಡಿ ತುಂಬತೈತಿ. ಎಂಟಕ್ಕ ಮುಟ್ಟಿದ್ರ ಅಷ್ಟರೊಳಗ ನಿಮ್ಮದು ಮುಗಿದಿರ್ತೈತಿ.

ಹಳದಿ_ಬೋರ್ಡ್:

ಅಮೀನಗಡ ಹೋಗೋವಾಗ ಸಿಗ್ತದ, ಬರೋವಾಗ ಅಲ್ಲ. ಕರದಂಟು ಬೇಕಾದ್ರ ಮುಂಜಾನೆ ಏಳೂವರಿಗೆ ಅಂಗಡಿ ತೆರೆದಿರ್ತದೋ ಇಲ್ಲೋ ಒಂದು ಫೋನ್ ಹಚ್ಚಿ ಕೇಳ್ರಿ.