ಶಿರಾಡಿ ಘಾಟಿ ಹತ್ತುವಾಗ ಕಿಣಿಕಿಣಿ ಶಬ್ದ, ಇಂಜಿನ್ ಇಳಿಸಲೇಬೇಕಾ?

ಪುತ್ತೂರಿನ ಸವಾರ:
ನಮ್ಮದು 2014ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, 1.2 ಲೀಟರ್, ನಾಲ್ಕು ಸಿಲಿಂಡರ್. ಓಡಿದ್ದು 92 ಸಾವಿರ ಕಿ.ಮೀ. ಊರೊಳಗೆ ಏನೂ ತೊಂದರೆ ಇಲ್ಲ. ಗುಂಡ್ಯ ದಾಟಿ ಘಾಟಿ ಶುರುವಾದ ಮೇಲೆ, ಐದು ಜನ ಕೂತು, ಎಸಿ ಹಾಕಿ, ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಡಬ್ಬಿಯೊಳಗೆ ಚಿಲ್ಲರೆ ಕುಲುಕಿದ ಹಾಗೆ ಶಬ್ದ ಬರ್ತದೆ. ಕಾಲು ತೆಗೆದ ಕೂಡಲೇ ನಿಲ್ತದೆ. ಇಲ್ಲಿನ ಒಂದು ಗ್ಯಾರೇಜಿನವರು ಗಾಡಿ ಓಡಿಸಿ ನೋಡದೆಯೇ "ಬೇರಿಂಗ್ ಹೋಗಿದೆ, ಇಂಜಿನ್ ಇಳಿಸಬೇಕು, ಐವತ್ತು ಸಾವಿರ ಇಟ್ಕೊಳ್ಳಿ" ಅಂತ ಹೇಳಿದ್ದಾರೆ. ಈಗ ಬರುವ ಇ20 ಪೆಟ್ರೋಲಿನಿಂದಲೇ (ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್ ಬೆರೆಸಿದ್ದು) ಹೀಗೆ ಅಂತ ಇನ್ನೊಬ್ಬರು ಹೇಳ್ತಾರೆ. ಅಪ್ಪನನ್ನು ಬೆಂಗಳೂರಿಗೆ ಆಸ್ಪತ್ರೆಗೆ ಕರ್ಕೊಂಡು ಹೋಗ್ಲಿಕ್ಕೆ ಇರುವುದು ಇದೊಂದೇ ಗಾಡಿ. ಯಾವುದನ್ನು ನಂಬುವುದು?

ಬೆಳ್ಳಿ ಕಾರು:
95 ಆಕ್ಟೇನ್ ಪ್ರೀಮಿಯಂ ಪೆಟ್ರೋಲ್ ಹಾಕಿ ನೋಡಿ. ಆಕ್ಟೇನ್ ಹೆಚ್ಚಿದ್ದಷ್ಟೂ ಪೆಟ್ರೋಲ್ ಒತ್ತಡಕ್ಕೆ ತಾನಾಗಿ ಸಿಡಿಯೋದು ಕಡಿಮೆ. ನನ್ನ ಗಾಡಿಯಲ್ಲಿ ಒಂದು ಟ್ಯಾಂಕಿಗೇ ಶಬ್ದ ಹೋಯ್ತು.

ಹಾಸನದ ಮೆಕ್ಯಾನಿಕ್:
ಸರ್, ಇಂಜಿನ್ ಇಳಿಸೋಕೆ ಈಗಲೇ ಒಪ್ಕೋಬೇಡಿ. ಲೋಡ್ ಬಿದ್ದಾಗ ಬರುತ್ತೆ, ಕಾಲು ತೆಗೆದರೆ ನಿಲ್ಲುತ್ತೆ ಅಂತ ನೀವೇ ಬರೆದಿದ್ದೀರಿ. ಅರ್ಧ ಉತ್ತರ ಅದರಲ್ಲೇ ಇದೆ. ಬಿಗ್ ಎಂಡ್ ಬೇರಿಂಗ್ (ಪಿಸ್ಟನ್ ರಾಡಿನ ಕೆಳತುದಿಯದು) ಸವೆದಿದ್ದರೆ ಕೆಳಗಡೆಯಿಂದ ಡಗ್ ಡಗ್ ಅಂತ ಭಾರವಾದ ಹೊಡೆತ ಕೇಳುತ್ತೆ. ಗಾಡಿ ನಿಂತಲ್ಲೇ ರೇಸ್ ಮಾಡಿದರೂ ಬರುತ್ತೆ, ಇಂಜಿನ್ ಕಾದು ಆಯಿಲ್ ತೆಳುವಾದ ಮೇಲೆ ಇನ್ನೂ ಜೋರಾಗುತ್ತೆ. ಟ್ಯಾಪೆಟ್ (ವಾಲ್ವ್ ಒತ್ತೋ ಭಾಗ) ಆಗಿದ್ದರೆ ಐಡಲ್‌ನಲ್ಲೇ ಮೇಲಿನಿಂದ ಟಿಕ್ ಟಿಕ್. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ಬಂದು, ಕಾದ ಮೇಲೆ ಅಡಗಿದರೆ ಪಿಸ್ಟನ್‌ದು. ನಿಮ್ಮದು ಇದ್ಯಾವುದೂ ಅಲ್ಲ.

ನಿಮ್ಮ ಸಿಲಿಂಡರಿನಲ್ಲಿ ಪೆಟ್ರೋಲ್ ಹೊತ್ತಬಾರದ ಸಮಯದಲ್ಲಿ ಹೊತ್ತಿಕೊಳ್ತಿದೆ. ಸ್ಪಾರ್ಕ್ ಪ್ಲಗ್ ಹೊತ್ತಿಸಿದ ಬೆಂಕಿ ಪೂರ್ತಿ ಹರಡೋಕೆ ಮುಂಚೆಯೇ ಮೂಲೆಯಲ್ಲಿ ಉಳಿದ ಮಿಶ್ರಣ ಕಾವು ಒತ್ತಡ ತಾಳದೆ ಒಮ್ಮೆಲೇ ಸಿಡಿದರೆ ಆ ಕಿಣಿಕಿಣಿ ಬರೋದು. ಹಾಗೇ ಓಡಿಸ್ತಾ ಹೋದರೆ ಪಿಸ್ಟನ್ನಿನಲ್ಲಿ ರಿಂಗ್ ಕೂರೋ ಜಾಗವೇ ಒಡೆಯುತ್ತೆ, ಆಗ ನಿಜವಾಗ್ಲೂ ಇಂಜಿನ್ ಇಳಿಸಬೇಕಾಗುತ್ತೆ. ಅದಕ್ಕೇ ಇದನ್ನ ಮುಂದಕ್ಕೆ ಹಾಕಬೇಡಿ.

ಇ20 ಮೇಲೆ ಈ ತಪ್ಪು ಹೊರಿಸೋದು ಸರಿಯಲ್ಲ. ಎಥೆನಾಲ್‌ನ ಆಕ್ಟೇನ್ ಸುಮಾರು 108, ಅದು ಈ ಶಬ್ದವನ್ನ ತಡೆಯುತ್ತೆ. ಹಳೇ ಗಾಡಿಗಳ ರಬ್ಬರ್ ಪೈಪು, ಸೀಲುಗಳಿಗೆ ಅದು ಒಗ್ಗದೆ ಇರಬಹುದು, ಆದರೆ ಅದು ಬೇರೆ ವಿಷಯ. ಪ್ರೀಮಿಯಂ ಪೆಟ್ರೋಲಿನಿಂದ ಶಬ್ದ ಕಡಿಮೆ ಆಗಬಹುದು, ಸುಳ್ಳಲ್ಲ. ಆದರೆ ಇದೇ ಗಾಡಿ ಇಷ್ಟು ವರ್ಷ ಬಂಕಿನ ಸಾಮಾನ್ಯ ಪೆಟ್ರೋಲಿನಲ್ಲೇ ಸದ್ದಿಲ್ಲದೆ ಘಾಟಿ ಹತ್ತಿದೆಯಲ್ಲ, ಈಗ ಏನು ಬದಲಾಯ್ತು ಅಂತ ಹುಡುಕಬೇಕು.

ಮೊದಲು ಪ್ಲಗ್ ಬಿಚ್ಚಿಸಿ. ಇಂಜಿನ್ ಪೂರ್ತಿ ತಣ್ಣಗಾಗಿರಲಿ, ಬಿಸಿಯಲ್ಲಿ ಬಿಚ್ಚಿದರೆ ಸಿಲಿಂಡರ್ ಮೇಲಿನ ಅಲ್ಯೂಮಿನಿಯಂ ಹೆಡ್‌ನ ಮರೆ (ಪ್ಲಗ್ ತಿರುಗಿ ಕೂರೋ ಥ್ರೆಡ್) ಕಿತ್ತು ಬರಬಹುದು. ಯಾವ ಸಿಲಿಂಡರಿನದು ಯಾವುದು ಅಂತ ಸಾಲಾಗಿ ಇಡಿ. ತುದಿಯ ಪಿಂಗಾಣಿ ತಿಳಿಗಂದು ಇದ್ದರೆ ಒಳ್ಳೇದು. ಸುಣ್ಣದ ಬಿಳುಪಾಗಿ ಸಣ್ಣ ಗುಳ್ಳೆ ಎದ್ದಿದ್ದರೆ ಅಲ್ಲಿ ಕಾವು ಮೀರಿದೆ. ಬೆಳ್ಳಿ ಚುಕ್ಕಿ ಅಂಟಿದ್ದರೆ ಪಿಸ್ಟನ್ನಿನ ಲೋಹವೇ ಕರಗಿ ಬಂದಿದೆ ಅಂತ ಅರ್ಥ, ಆಮೇಲೆ ಗಾಡಿ ಸ್ಟಾರ್ಟ್ ಮಾಡಬೇಡಿ. ಪ್ಲಗ್ ಮೇಲಿನ ನಂಬರ್ ಓದಿ, ಮ್ಯಾನುಯಲ್‌ನಲ್ಲಿ ಇರೋದಕ್ಕೆ ತಾಳೆ ನೋಡಿ. ಪ್ಲಗ್‌ನಲ್ಲೂ ಬಿಸಿ ಪ್ಲಗ್, ತಣ್ಣನೆ ಪ್ಲಗ್ ಅಂತಿದೆ. ತುದಿಯ ಕಾವನ್ನ ನಿಧಾನಕ್ಕೆ ಬಿಡೋದು ಬಿಸಿ ಪ್ಲಗ್, ಬೇಗ ಬಿಡೋದು ತಣ್ಣನೆದು. ಎನ್‌ಜಿಕೆಯಲ್ಲಿ (ಕಂಪನಿ ಹೆಸರು) ನಂಬರ್ ಕಮ್ಮಿ ಆದಷ್ಟೂ ಬಿಸಿ ಪ್ಲಗ್, ಬಾಷ್‌ನಲ್ಲಿ ನಂಬರ್ ಹೆಚ್ಚಾದಷ್ಟೂ ಬಿಸಿ. ಇದು ಗೊತ್ತಿಲ್ಲದೆ ಅಂಗಡಿಯಲ್ಲಿ "ಸೈಜ್ ಒಂದೇ" ಅಂತ ಕೊಟ್ಟುಬಿಡ್ತಾರೆ. ಬೇಕಾದ್ದಕ್ಕಿಂತ ಬಿಸಿ ಪ್ಲಗ್ ಹಾಕಿದರೆ ಅದರ ತುದಿ ಕೆಂಡದ ಹಾಗೆ ಕಾದು, ಸ್ಪಾರ್ಕ್ ಬರೋಕೆ ಮುಂಚೆ ತಾನೇ ಹೊತ್ತಿಸುತ್ತೆ, ಒಳಗೆ ಕಾವು ಒತ್ತಡ ಏರಿ ಆ ಕಿಣಿಕಿಣಿಯೂ ಬರುತ್ತೆ.

ಅಲ್ಲೀವರೆಗೆ ಏರಿನಲ್ಲಿ ಎರಡನೇ ಗೇರಿಗೆ ಇಳಿಸಿ, 3,000 ಆರ್‌ಪಿಎಂ ಆಸುಪಾಸಿನಲ್ಲಿ ಹತ್ತಿ. ಕಡಿಮೆ ಆರ್‌ಪಿಎಂನಲ್ಲಿ ಪೂರ್ತಿ ಒತ್ತೋದೇ ಇಂಜಿನ್‌ಗೆ ಹೆಚ್ಚು ಪೆಟ್ಟು.

ಪುತ್ತೂರಿನ ಸವಾರ:
ಅಣ್ಣಾ, ನೀವು ಹೇಳಿದ್ದೇ ಸಿಕ್ಕಿತು. ಮೂರರಲ್ಲಿ 6 ನಂಬರ್, ಒಂದರಲ್ಲಿ 4, ಎನ್‌ಜಿಕೆ ಲೆಕ್ಕದಲ್ಲಿ ಅದು ಬಿಸಿ ಪ್ಲಗ್! ಮ್ಯಾನುಯಲ್‌ನಲ್ಲಿ ಇರುವುದು 6. ಹಿಂದೊಮ್ಮೆ ದಾರಿಯಲ್ಲಿ ಗಾಡಿ ಮಿಸ್ ಹೊಡೆದಾಗ ಅದೊಂದನ್ನು ಮಾತ್ರ ಬದಲಾಯಿಸಿದ್ದರು. ಅದರ ತುದಿ ಬಿಳಿ ಆಗಿದೆ, ಬೆಳ್ಳಿ ಚುಕ್ಕಿ ಇಲ್ಲ. ನಾಲ್ಕೂ ಹೊಸತು ಹಾಕಿಸಿ ದೋಣಿಗಲ್ ತನಕ ಹತ್ತಿದೆ. ಮುಕ್ಕಾಲು ಪಾಲು ಶಬ್ದ ಹೋಗಿದೆ. ಮಾರನಹಳ್ಳಿ ಹತ್ತಿರದ ಏರಿನಲ್ಲಿ ಮಾತ್ರ ಒಂದು ಕ್ಷಣ ಕೇಳಿತು.

ಹಾಸನದ ಮೆಕ್ಯಾನಿಕ್:
ತುಂಬಾ ಸಂತೋಷ ಆಯ್ತು ಸರ್. ಉಳಿದ ಆ ಸ್ವಲ್ಪಕ್ಕೆ ಎರಡು ಅನುಮಾನ ಇದೆ. ಊರೊಳಗೆ ಸಣ್ಣ ಸಣ್ಣ ಓಡಾಟ ಜಾಸ್ತಿ ಇದ್ದರೆ ಪಿಸ್ಟನ್ ತಲೆ ಮೇಲೆ ಕಾರ್ಬನ್ ಕೂತಿರುತ್ತೆ. ಕಾರ್ಬನ್ ದಪ್ಪ ಆದಷ್ಟೂ ಒಳಗಿನ ಜಾಗ ಕಿರಿದಾಗಿ ಒತ್ತಡ ಏರುತ್ತೆ, ಅದೇ ಕೆಂಡವಾಗಿಯೂ ಕೂರುತ್ತೆ. ಪ್ಲಗ್ ತೂತಿನಿಂದ ಸಣ್ಣ ಕ್ಯಾಮೆರಾ ಬಿಟ್ಟು ನೋಡಬಹುದು, ಹೆಡ್ ಬಿಚ್ಚಬೇಕಿಲ್ಲ. ಇನ್ನೊಂದು ನಾಕ್ ಸೆನ್ಸರ್. ಇಂಜಿನ್ ಬ್ಲಾಕ್‌ಗೆ ಬೋಲ್ಟ್ ಮಾಡಿರ್ತಾರೆ, ಈ ಶಬ್ದ ಹಿಡಿದು ಟೈಮಿಂಗ್ ಹಿಂದಕ್ಕೆ ಎಳೆಸೋ, ಅಂದ್ರೆ ಸ್ಪಾರ್ಕ್ ಸ್ವಲ್ಪ ತಡವಾಗಿ ಬರೋ ಹಾಗೆ ಮಾಡಿಸೋ ಕೆಲಸ ಅದರದ್ದು. ಬೋಲ್ಟ್ ಸಡಿಲ ಇದ್ದರೂ, ಅತಿ ಬಿಗಿ ಇದ್ದರೂ ಸರಿಯಾಗಿ ಹಿಡಿಯಲ್ಲ. ತುಂಬಾ ಗಾಡಿಗಳಲ್ಲಿ ಆ ಬಿಗಿ 20 ನ್ಯೂಟನ್ ಮೀಟರ್ ಹತ್ತಿರ ಇರುತ್ತೆ, ನಿಮ್ಮದರ ಲೆಕ್ಕ ಸರ್ವಿಸ್ ಮ್ಯಾನುಯಲ್‌ನಲ್ಲಿ ನೋಡಿಸಿ, ಟಾರ್ಕ್ ರೆಂಚ್ (ಬಿಗಿ ಅಳೆಯೋ ಪಾನಾ) ಇರೋರ ಹತ್ತಿರವೇ ಮಾಡಿಸಿ. ಇಂಜಿನ್ ಅತಿ ಕಾದರೂ ಈ ಶಬ್ದ ಬರಬಹುದು, ಹಾಗಾಗಿ ಘಾಟಿಯಲ್ಲಿ ಸ್ಕ್ಯಾನರ್ (ಗಾಡಿಯ ಕಂಪ್ಯೂಟರ್ ಓದೋ ಉಪಕರಣ) ಹಾಕಿಕೊಂಡು ಹೋದರೆ ಕೂಲಂಟ್ ಎಷ್ಟು ಡಿಗ್ರಿಗೆ ಏರುತ್ತೆ ಅನ್ನೋದನ್ನೂ ನೋಡಬಹುದು.

ಪುತ್ತೂರಿನ ಸವಾರ:
ಪ್ಲಗ್ ಹಾಕುವಾಗ ಹುಡುಗ ಉದ್ದದ ಪಾನಾ ಹಿಡಿದು ಜೋರಾಗಿಯೇ ಬಿಗಿ ಮಾಡಿದ. ತೊಂದರೆ ಉಂಟಾ?

ಹಾಸನದ ಮೆಕ್ಯಾನಿಕ್:
ಇನ್ನೊಮ್ಮೆ ತಣ್ಣಗಿದ್ದಾಗ ಬಿಚ್ಚಿ ಮರೆ ಸರಿ ಇದೆಯಾ ನೋಡಿ. ವಾಷರ್ ಇರೋ ಹೊಸ ಪ್ಲಗ್ ಆದರೆ ಕೈಯಲ್ಲೇ ಪೂರ್ತಿ ಕೂರಿಸಿ, ಆಮೇಲೆ ಪಾನಾದಲ್ಲಿ ಅರ್ಧ ಸುತ್ತು, ಹೆಚ್ಚೆಂದರೆ ಅದಕ್ಕಿಂತ ಚೂರು ಜಾಸ್ತಿ. ಒಮ್ಮೆ ಬಿಗಿ ಮಾಡಿದ ವಾಷರ್ ಚಪ್ಪಟೆ ಆಗಿರುತ್ತೆ, ಅದನ್ನೇ ಮತ್ತೆ ಹಾಕುವಾಗ ಅಷ್ಟೂ ತಿರುಗಿಸಬೇಡಿ, ಕೈಯಲ್ಲಿ ಕೂತ ಮೇಲೆ ಒಂಚೂರು ಸಾಕು.