ಮಾವಿನ ಮರದ ಬುಡಕ್ಕೆ ಅಣಬೆ ಬಂದಿದೆ, ಸಹಾಯ ಬೇಕು

ನಮಸ್ಕಾರ್ರೀ. ನಮ್ಮದು ಧಾರವಾಡ. ಹಿತ್ತಲಲ್ಲಿ ಅಜ್ಜ ಹಚ್ಚಿದ ಆಪೂಸ್ ಮಾವಿನ ಮರವಿದೆ. ಈ ಮಳೆಗಾಲದಲ್ಲಿ ಬುಡದಲ್ಲಿ ಅಂಗೈ ಅಗಲದ ಗಟ್ಟಿ ಅಣಬೆ ಎದ್ದಿದೆ. ಮೇಲೆ ವಾರ್ನಿಶ್ ಬಳಿದ ಹಾಗೆ ಕಂದು ಹೊಳಪು, ಅಂಚು ಬಿಳಿ. ಪಕ್ಕದಲ್ಲಿ ಸುತ್ತಿಗೆಯಿಂದ ಬಡಿದರೆ ಟೊಳ್ಳು ಸದ್ದು. ಎಲೆ ಮಾತ್ರ ಇನ್ನೂ ಹಸಿರು, ಅದೇ ಮೋಸ ಅಲ್ವಾ?

ಗ್ಯಾನೋಡರ್ಮಾ, ಅಂದರೆ ಮರದ ಬೇರು-ಬುಡ ಕೊಳೆಸುವ ಶಿಲೀಂಧ್ರ, ಇರಬಹುದು ಅಂತ ಅನುಮಾನ. ಅಣಬೆ ಕಿತ್ತರೂ ರೋಗ ಒಳಗೇ ಉಳಿಯುತ್ತದೆ, ಗೊತ್ತು. ತಪ್ಪು ನಮ್ಮದೇ. ಪಾತ್ರೆ ತೊಳೆದ ನೀರನ್ನು ವರ್ಷಗಟ್ಟಲೆ ಬುಡಕ್ಕೇ ಬಿಟ್ಟೆವು. ಈಗ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 10 ಲೀಟರ್ ನೀರು ಸೇರಿಸಿ ಬೋರ್ಡೋ ಮುಲಾಮು ಹಚ್ಚಿದ್ದೇನೆ.

ಕೊಳೆತ ಭಾಗ ಕೆತ್ತಬೇಕಾ, ಸುಮ್ನೆ ಬಿಡಬೇಕಾ? ಮರ ವಾಲಿರುವುದು ಅಡುಗೆಮನೆ ಹೆಂಚಿನ ಕಡೆ. ಆ ಕಡೆಯ ಕೊಂಬೆ ಇಳಿಸಿದರೆ ಸಾಕಾ? ಕೃಷಿ ವಿಶ್ವವಿದ್ಯಾಲಯದಲ್ಲಿ ಯಾರನ್ನು ಕೇಳಬೇಕು? ಕಡಿಸೋಣ ಅಂದರೆ ಅಮ್ಮ ಊಟ ಬಿಡುತ್ತಾಳೆ.